ಕೊಳದ ಕಟ್ಟೆಯ ಮೇಲೆ ನಾಲ್ಕು ತಾಸು: ಕೋವಿಡ್ ಕಾಲದಲ್ಲಿ ಮಕ್ಕಳ ಬೇಸಿಗೆ ಈಜು ಸ್ಪರ್ಧೆಗಳ ನಿರ್ಧಾರ ಹೇಗೆ ನಡೆಯಿತು

ಅಮೆರಿಕದ ಅನೇಕ ಉಪನಗರಗಳಲ್ಲಿ ಬಡಾವಣೆಗೊಂದು ಈಜುಕೊಳವಿರುತ್ತದೆ, ಆ ಕೊಳಕ್ಕೊಂದು ಮಕ್ಕಳ ತಂಡವಿರುತ್ತದೆ. ಶಾಲೆಗೆ ರಜೆ ಬಂದ ಮೇಲೆ, ಜೂನ್ ತಿಂಗಳ ನಡುವಿನಿಂದ ಹೆಚ್ಚುಕಡಿಮೆ ಜುಲೈ ಕೊನೆಯವರೆಗೆ, ಈ ತಂಡಗಳು ವಾರಕ್ಕೊಮ್ಮೆ ಎದುರಾಳಿ ತಂಡದ ಕೊಳಕ್ಕೆ ಹೋಗಿಯೋ ಅದನ್ನು ತಮ್ಮ ಕೊಳಕ್ಕೆ ಬರಮಾಡಿಕೊಂಡೋ ಸ್ಪರ್ಧಿಸುತ್ತವೆ. ವರ್ಜೀನಿಯಾ ರಾಜ್ಯದ ಉತ್ತರ ಭಾಗದಲ್ಲಿರುವ ನಾರ್ದರ್ನ್ ವರ್ಜೀನಿಯಾ ಸ್ವಿಮ್ಮಿಂಗ್ ಲೀಗ್ 1956ರಲ್ಲಿ ಆರಂಭವಾಗಿ ಈಗ ನೂರರ ಆಸುಪಾಸಿನಷ್ಟು ತಂಡಗಳನ್ನು ಹೊಂದಿದೆ. ಪೊಟೊಮ್ಯಾಕ್ ನದಿಯ ಆಚೆ ದಡದ ಮೇರಿಲ್ಯಾಂಡ್‌ನಲ್ಲಿ ಮಾಂಟ್ಗೊಮರಿ ಕೌಂಟಿ ಸ್ವಿಮ್ ಲೀಗ್ ಇದೆ. ಒಲಿಂಪಿಕ್ ಚಾಂಪಿಯನ್ ಕೇಟಿ ಲೆಡೆಕಿ ಆರು ವರ್ಷದ ಹುಡುಗಿಯಾಗಿ ಮೊದಲು ಸ್ಪರ್ಧೆಗಿಳಿದದ್ದು ಈ ಲೀಗಿನ ಒಂದು ಬಡಾವಣೆಯ ತಂಡದಿಂದಲೇ. ಆದರೆ ಲೆಡೆಕಿಯಂಥವರು ಅಪರೂಪ. ಇಲ್ಲಿಗೆ ಬರುವ ಬಹುತೇಕ ಮಕ್ಕಳಿಗೆ ಈಜು ಜೀವನದ ಗುರಿಯಲ್ಲ. ಇಡೀ ವ್ಯವಸ್ಥೆಯನ್ನು ನಡೆಸುವವರೂ ಸಂಬಳ ಪಡೆಯುವ ಅಧಿಕಾರಿಗಳಲ್ಲ, ಆ ಮಕ್ಕಳ ತಂದೆತಾಯಿಗಳು.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಜಗತ್ತನ್ನೇ ಆವರಿಸಿದ ಸಾಂಕ್ರಾಮಿಕವೆಂದು ಹೇಳಿತು. ಮಾರ್ಚ್ 24ರಂದು ಟೋಕಿಯೊ ಒಲಿಂಪಿಕ್ಸ್ ಮುಂದಕ್ಕೆ ಹೋಯಿತು. ಒಲಿಂಪಿಕ್ಸ್ ವಿಷಯದಲ್ಲಿ ತೀರ್ಮಾನ ಮಾಡುವುದಕ್ಕೆ ವೈದ್ಯರು, ವಕೀಲರು, ಸರ್ಕಾರಗಳು ಇದ್ದವು. ಬಡಾವಣೆಯ ಈಜುಕೊಳದ ವಿಷಯದಲ್ಲಿ ಆ ಭಾರ ಬಿದ್ದದ್ದು, ಸಂಜೆ ಮನೆಯ ಊಟದ ಮೇಜಿನ ಮುಂದೆ ಕಂಪ್ಯೂಟರ್ ತೆರೆದು ಸಭೆ ಸೇರುತ್ತಿದ್ದ ಹತ್ತಾರು ಪೋಷಕರ ಮೇಲೆ. ಅವರು ಏನನ್ನು ತೂಗಿ ನೋಡಬೇಕಾಗಿತ್ತು, ಅದು ಏಕೆ ಅಷ್ಟು ಜಟಿಲವಾಗಿತ್ತು ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಎಲ್ಲರೂ ಮೊದಲು ಕೇಳಿದ ಪ್ರಶ್ನೆ, ನೀರಿನ ಮೂಲಕ ಈ ವೈರಸ್ ಹರಡುತ್ತದೆಯೇ ಎಂಬುದು. ಇದಕ್ಕೆ ಉತ್ತರ ಬೇಗನೆ ದೊರೆಯಿತು, ಸಮಾಧಾನಕರವಾಗಿಯೂ ಇತ್ತು. ಸರಿಯಾಗಿ ನಿರ್ವಹಿಸಿದ ಈಜುಕೊಳದ ನೀರಿನಿಂದ ಸೋಂಕು ಹರಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2020ರಲ್ಲೇ ಹೇಳಿತ್ತು. ಇದರ ಹಿಂದಿನ ರಸಾಯನಶಾಸ್ತ್ರ ಸರಳವಾದದ್ದು. ಕ್ಲೋರಿನ್ ನೀರಿಗೆ ಬಿದ್ದಾಗ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಸೂಕ್ಷ್ಮಜೀವಿಗಳನ್ನು ನಾಶಮಾಡುವ ಕೆಲಸ ಮುಖ್ಯವಾಗಿ ಅದರದ್ದು. ಕೊರೊನಾ ವೈರಸ್ಸಿನ ಮೈಮೇಲೆ ಕೊಬ್ಬಿನ ತೆಳು ಹೊದಿಕೆಯಿರುವುದರಿಂದ ಈ ಆಮ್ಲದ ಮುಂದೆ ಅದು ಬಹಳ ಹೊತ್ತು ನಿಲ್ಲಲಾರದು. ಆದರೆ ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ ಏರಿದಂತೆ ಈ ಆಮ್ಲದ ಪಾಲು ಕುಸಿಯುತ್ತದೆ. ಪಿಎಚ್ 7.2 ಇದ್ದಾಗ ನೀರಿನಲ್ಲಿ ಖರ್ಚಾಗದೆ ಉಳಿದಿರುವ ಮುಕ್ತ ಕ್ಲೋರಿನ್‌ನ ಸುಮಾರು ಮೂರನೇ ಎರಡು ಭಾಗ ಈ ಪರಿಣಾಮಕಾರಿ ರೂಪದಲ್ಲಿರುತ್ತದೆ, 7.5ರ ಹೊತ್ತಿಗೆ ಅರ್ಧಕ್ಕಿಳಿಯುತ್ತದೆ, 8 ತಲುಪಿದರೆ ಕಾಲುಭಾಗದಷ್ಟೇ ಉಳಿಯುತ್ತದೆ. ಈಜುಕೊಳಗಳಲ್ಲಿ ಕ್ಲೋರಿನ್ ಪ್ರಮಾಣ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಇರಬೇಕು, ಪಿಎಚ್ 7.2 ಮತ್ತು 7.8ರ ನಡುವೆ ಇರಬೇಕು ಎಂದು ಆಗ ಸೂಚಿಸಲಾಗುತ್ತಿದ್ದುದು ಈ ಲೆಕ್ಕದಿಂದಲೇ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲೀಟರಿಗೆ 1.5 ಮಿಲಿಗ್ರಾಂ ಮುಕ್ತ ಕ್ಲೋರಿನ್ ಮತ್ತು 7ರಿಂದ 7.2ರವರೆಗಿನ ಪಿಎಚ್ ಇದ್ದ ನೀರು ಈ ವೈರಸ್ಸಿನ ಸೋಂಕುಶಕ್ತಿಯನ್ನು 30 ಸೆಕೆಂಡುಗಳಲ್ಲಿ ಸಾವಿರ ಪಟ್ಟಿಗೂ ಹೆಚ್ಚು ತಗ್ಗಿಸಿತು. ಬಯಲು ಕೊಳಗಳಲ್ಲಿ ಬಿಸಿಲು ಕ್ಲೋರಿನ್ ಅನ್ನು ಕಡಿಮೆ ಮಾಡುತ್ತದೆ, ಮಕ್ಕಳ ಸಂಖ್ಯೆ ಹೆಚ್ಚಿದಷ್ಟೂ ಅದು ವೇಗವಾಗಿ ಖರ್ಚಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಪರೀಕ್ಷೆಯ ಪಟ್ಟಿ ಹಿಡಿದು ತಾಸಿಗೊಮ್ಮೆ ನೀರು ನೋಡುವ ನಿರ್ವಾಹಕನಿದ್ದರೆ ಅದು ನಿಭಾಯಿಸಲಾಗದ ತೊಂದರೆಯಲ್ಲ.

ನೀರಿನ ಬಗ್ಗೆ ಅಷ್ಟೊಂದು ಆತಂಕ ಏಕಿತ್ತು ಎನ್ನುವುದಕ್ಕೆ ಹಳೆಯ ನೆನಪೂ ಕಾರಣವಿದ್ದೀತು. ಪೋಲಿಯೊ ಕಾಲದ ಬೇಸಿಗೆಗಳಲ್ಲಿ, ಮುಖ್ಯವಾಗಿ 1916ರಲ್ಲಿ ಮತ್ತು 1940–50ರ ದಶಕಗಳಲ್ಲಿ, ಅಮೆರಿಕದ ಊರುಗಳು ಮಕ್ಕಳನ್ನು ಈಜುಕೊಳಗಳಿಂದ ದೂರವಿಟ್ಟಿದ್ದವು, ಎಷ್ಟೋ ಕೊಳಗಳಿಗೆ ಬೀಗ ಹಾಕಲಾಗಿತ್ತು. 1952ರ ಒಂದೇ ವರ್ಷದಲ್ಲಿ ಆ ದೇಶದಲ್ಲಿ 57,000ಕ್ಕೂ ಹೆಚ್ಚು ಪೋಲಿಯೊ ಪ್ರಕರಣಗಳು ದಾಖಲಾದವು. ಆ ಭಯ ಪೂರ್ತಿ ಬುಡವಿಲ್ಲದ್ದೇನೂ ಆಗಿರಲಿಲ್ಲ, ಏಕೆಂದರೆ ಪೋಲಿಯೊ ವೈರಸ್ ಮಲದ ಮೂಲಕ ನೀರು ಸೇರಿ ಬಾಯಿಯ ಮೂಲಕ ದೇಹ ಹೊಕ್ಕುವಂಥದ್ದು. ಜೋನಸ್ ಸಾಕ್ ಅವರ ಲಸಿಕೆ ಪರಿಣಾಮಕಾರಿಯೆಂದು ಘೋಷಣೆಯಾದದ್ದು 1955ರ ಏಪ್ರಿಲ್ 12ರಂದು. ಉತ್ತರ ವರ್ಜೀನಿಯಾದ ಲೀಗ್ ಹುಟ್ಟಿದ್ದು ಅದರ ಮರುವರ್ಷ. ಒಂದರಿಂದ ಇನ್ನೊಂದು ಆಯಿತೆಂದು ನಾನು ಹೇಳುತ್ತಿಲ್ಲ. ಒಂದು ರೋಗದ ಕಾಲದಲ್ಲಿ ಕಲಿತ ಎಚ್ಚರವನ್ನು ಬೇರೆ ದಾರಿಯಲ್ಲಿ ಹರಡುವ ಇನ್ನೊಂದು ರೋಗಕ್ಕೆ ಹಾಗೆಯೇ ಹೊಂದಿಸಿದರೆ ಗಮನವೆಲ್ಲ ತಪ್ಪು ಕಡೆಗೆ ಹೋಗುತ್ತದೆ ಎಂಬುದಷ್ಟೇ ನನ್ನ ಮಾತು. ಕೋವಿಡ್ ಉಸಿರಿನ ರೋಗ. ಹಾಗಾಗಿ ಈಜುಗಾರರು ನೀರಿನಲ್ಲಿ ಏನು ಮಾಡುತ್ತಾರೆ ಎಂಬುದಕ್ಕಿಂತ ನೀರಿನ ಹೊರಗೆ, ಕೊಳದ ಕಟ್ಟೆಯ ಮೇಲೆ ಏನು ಮಾಡುತ್ತಾರೆ ಎಂಬುದನ್ನು ನೋಡಬೇಕಾಗಿತ್ತು.

ಒಂದು ಸ್ಪರ್ಧೆಯ ಬೆಳಗನ್ನು ಲೆಕ್ಕ ಹಾಕಿ ನೋಡೋಣ. ಮಕ್ಕಳನ್ನು ಎಂಟು ಮತ್ತು ಅದಕ್ಕಿಂತ ಕಡಿಮೆ, ಒಂಬತ್ತು–ಹತ್ತು, ಹನ್ನೊಂದು–ಹನ್ನೆರಡು, ಹದಿಮೂರು–ಹದಿನಾಲ್ಕು, ಹದಿನೈದರಿಂದ ಹದಿನೆಂಟು ಎಂದು ಐದು ವಯೋಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಗುಂಪಿನಲ್ಲೂ ಹುಡುಗರಿಗೆ ಮತ್ತು ಹುಡುಗಿಯರಿಗೆ ಬೇರೆ ಬೇರೆಯಾಗಿ ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಎಂಬ ನಾಲ್ಕು ಶೈಲಿಗಳಿವೆ. ಅಲ್ಲಿಗೆ ವೈಯಕ್ತಿಕ ಸ್ಪರ್ಧೆಗಳೇ 40 ಆದವು. ಆರು ಲೇನ್‌ಗಳ ಕೊಳದಲ್ಲಿ ತಂಡಕ್ಕೆ ಮೂವರಂತೆ ಇಳಿದರೆ 240 ಈಜುಗಳಾಗುತ್ತವೆ, ಆಮೇಲೆ ರಿಲೇಗಳು ಬೇರೆ. ಎಂಟು ವರ್ಷದ ಮಗು ಕೊಳದ ಒಂದು ಉದ್ದವನ್ನು ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ. ಅಂದರೆ ಎರಡು ಸ್ಪರ್ಧೆ, ಒಂದು ರಿಲೇ ಸೇರಿದರೂ ಆ ಮಗು ನೀರಿನಲ್ಲಿರುವುದು ಎರಡು ನಿಮಿಷಕ್ಕಿಂತ ಹೆಚ್ಚಲ್ಲ. ಉಳಿದ ಮೂರು ನಾಲ್ಕು ತಾಸು ಅದು ಕಟ್ಟೆಯ ಮೇಲೆ, ಟವೆಲ್ ಸುತ್ತಿಕೊಂಡು, ಗೆಳೆಯರಿಗೆ ಒತ್ತಿಕೊಂಡು ಕುಳಿತಿರುತ್ತದೆ.

ಆ ಒತ್ತಿಕೊಳ್ಳುವಿಕೆ ಆಕಸ್ಮಿಕವಲ್ಲ, ವ್ಯವಸ್ಥೆಯೇ ಅದನ್ನು ಬೇಡುತ್ತದೆ. ಚಿಕ್ಕ ಮಕ್ಕಳು ತಮ್ಮ ಸರದಿಯನ್ನು ತಪ್ಪಿಸಿಕೊಳ್ಳದಂತೆ, ಅವರನ್ನು ಮುಂಚಿತವಾಗಿ ಒಂದೆಡೆ ಕರೆದು ಲೇನ್‌ಗಳ ಕ್ರಮದಲ್ಲಿ ಬೆಂಚುಗಳ ಮೇಲೆ ಸಾಲಾಗಿ ಕೂರಿಸಲಾಗುತ್ತದೆ. ಮುಂದಿನ ಬೆಂಚು ಖಾಲಿಯಾದಂತೆ ಹಿಂದಿನವರು ಮುಂದೆ ಸರಿಯುತ್ತಾರೆ. ಪ್ರತಿ ಲೇನಿನ ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದ ಇಬ್ಬರು ಮೂವರು ಪೋಷಕರು ಗೋಡೆಯತ್ತ ಒಟ್ಟಿಗೆ ಬಾಗಿರುತ್ತಾರೆ. ತಾಂತ್ರಿಕ ಉಪಕರಣವಿಲ್ಲದ ಕಡೆ ಒಂದೇ ಗಡಿಯಾರವನ್ನು ನಂಬುವಂತಿಲ್ಲ, ಹಲವು ಗಡಿಯಾರಗಳ ಸಮಯಗಳನ್ನು ತಾಳೆ ನೋಡಬೇಕು. ಅವರೆಲ್ಲ ಒಂದೇ ತಂಡದವರಲ್ಲ, ನ್ಯಾಯಕ್ಕಾಗಿ ಎರಡೂ ತಂಡಗಳಿಂದ ಬಂದವರು. ರಿಲೇಯಲ್ಲಿ ನಾಲ್ಕು ಮಕ್ಕಳು ಒಂದೇ ಲೇನಿನ ಹಿಂದೆ ನಿಲ್ಲುತ್ತಾರೆ. ಈ ಎಲ್ಲದರ ಜೊತೆಗೆ ಕೂಗು. ಸ್ಪರ್ಧೆಗೆ ಮುನ್ನ ತಂಡವಿಡೀ ವೃತ್ತವಾಗಿ ನಿಂತು ಗಂಟಲು ಹರಿಯುವಂತೆ ಘೋಷಣೆ ಕೂಗುವುದು, ಪ್ರತಿ ಸ್ಪರ್ಧೆಗೂ ಕಟ್ಟೆಯಂಚಿಗೆ ಬಗ್ಗಿ ಹೆಸರು ಹಿಡಿದು ಹುರಿದುಂಬಿಸುವುದು ಈ ಲೀಗ್‌ಗಳ ಜೀವಾಳ.

ಕೂಗನ್ನು ಬೇರೆಯಾಗಿ ಹೇಳುವುದಕ್ಕೆ ಕಾರಣವಿದೆ. 2020ರ ಜೂನ್‌ನಲ್ಲಿ ಜಾರ್ಜಿಯಾ ರಾಜ್ಯದ ಒಂದು ವಸತಿ ಬೇಸಿಗೆ ಶಿಬಿರದಲ್ಲಿ ಸೋಂಕು ಹರಡಿತು. ಜುಲೈ ಕೊನೆಯಲ್ಲಿ ಸಿಡಿಸಿ ಪ್ರಕಟಿಸಿದ ವರದಿಯ ಪ್ರಕಾರ, ಆ ರಾಜ್ಯದವರೇ ಆದ 597 ಮಂದಿಯಲ್ಲಿ 344 ಜನರ ಪರೀಕ್ಷಾ ಫಲಿತಾಂಶ ದೊರೆತಿತ್ತು, ಅವರಲ್ಲಿ 260 ಮಂದಿಗೆ ಸೋಂಕು ತಗುಲಿತ್ತು. ಶಿಬಿರಕ್ಕೆ ಬರುವ ಮುನ್ನ ಎಲ್ಲರೂ ಸೋಂಕಿಲ್ಲವೆಂಬ ಪರೀಕ್ಷಾ ವರದಿ ತರಬೇಕಾಗಿತ್ತು. ಆದರೆ ಮಕ್ಕಳಿಗೆ ಮಾಸ್ಕ್ ಕಡ್ಡಾಯವಿರಲಿಲ್ಲ, ಒಂದೊಂದು ಕೋಣೆಯಲ್ಲಿ ಬಹಳ ಮಂದಿ ಮಲಗುತ್ತಿದ್ದರು, ದಿನವೂ ಜೋರಾಗಿ ಹಾಡುವುದು ಕೂಗುವುದು ನಡೆದಿತ್ತು. ಮಕ್ಕಳಿಗೆ ಈ ಸೋಂಕು ಅಷ್ಟಾಗಿ ಅಂಟುವುದಿಲ್ಲ, ಅವರಿಂದ ಹರಡುವುದಿಲ್ಲ ಎಂಬ ಆ ಕಾಲದ ಆಶಾವಾದಕ್ಕೆ ಈ ವರದಿ ದೊಡ್ಡ ಪೆಟ್ಟು ಕೊಟ್ಟಿತು. ಅದಕ್ಕೂ ಮುನ್ನ, ಮೇ 14ರಂದು, ಸೋಂಕಿನ ಬಳಿಕ ಕೆಲವು ಮಕ್ಕಳಲ್ಲಿ ಹಲವು ಅಂಗಗಳಿಗೆ ಒಟ್ಟಿಗೆ ಉರಿಯೂತ ಬರುವ ಅಪರೂಪದ ಸ್ಥಿತಿಯ ಬಗ್ಗೆ ಸಿಡಿಸಿ ವೈದ್ಯರಿಗೆ ಎಚ್ಚರಿಕೆ ನೀಡಿತ್ತು. ಲೀಗ್‌ಗಳ ಪೋಷಕರು ನಿರ್ಧಾರ ಮಾಡಲು ಕುಳಿತಿದ್ದುದು ಆ ವಾರಗಳಲ್ಲೇ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಬಯಲು ಗಾಳಿಯಿತ್ತು. 2020ರ ಕೊನೆಯ ವೇಳೆಗೆ ಪ್ರಕಟವಾದ ಅಧ್ಯಯನಗಳ ಒಂದು ಪರಾಮರ್ಶೆಯು, ವರದಿಯಾದ ಸೋಂಕುಗಳಲ್ಲಿ ಹೊರಾಂಗಣದಲ್ಲಿ ತಗುಲಿದವು ಶೇಕಡಾ 10ಕ್ಕಿಂತ ಕಡಿಮೆ ಎಂದು ಕಂಡುಕೊಂಡಿತು. ಒಳಾಂಗಣದ ಆಟ ಎಷ್ಟು ಬೇರೆ ಎನ್ನುವುದಕ್ಕೆ ಫ್ಲಾರಿಡಾದ ಟ್ಯಾಂಪಾ ಬೇ ಪ್ರದೇಶದಲ್ಲಿ 2020ರ ಜೂನ್ 16ರಂದು ನಡೆದ ಹವ್ಯಾಸಿಗಳ ಐಸ್ ಹಾಕಿ ಪಂದ್ಯ ಉದಾಹರಣೆಯಾಗಿ ನಿಂತಿತು. ಪಂದ್ಯವಾದ ಐದು ದಿನಗಳೊಳಗೆ 22 ಆಟಗಾರರಲ್ಲಿ 14 ಮಂದಿಗೆ ರೋಗಲಕ್ಷಣ ಕಾಣಿಸಿತು. ಬೇಸಿಗೆ ಲೀಗ್‌ಗಳ ಕೊಳಗಳು ಬಹುತೇಕ ಬಯಲಲ್ಲಿರುವಂಥವು. ಹೀಗಾಗಿ ಇಲ್ಲಿ ಒಂದು ವಿರೋಧಾಭಾಸವಿತ್ತು: ಸ್ಥಳ ಅತ್ಯಂತ ಸುರಕ್ಷಿತ ಬಗೆಯದು, ಆ ಸ್ಥಳದಲ್ಲಿ ಜನ ಸೇರುವ ರೀತಿ ಅಷ್ಟೇ ಅಪಾಯಕರ ಬಗೆಯದು. ಈ ಎರಡನ್ನು ಬೇರ್ಪಡಿಸಲಾಗದೆ ಇದ್ದವರು ಒಂದೋ ಎಲ್ಲವೂ ಸರಿಯೆಂದರು, ಇಲ್ಲವೇ ಎಲ್ಲವೂ ಅಪಾಯವೆಂದರು.

ಬಯಲು ಎಂಬ ಮಾತಿಗೂ ಅಪವಾದಗಳುಂಟು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ನಾಲ್ಕು ಮನೆಗಳ ಮಕ್ಕಳನ್ನು ಒಂದೇ ಕಾರಿನಲ್ಲಿ ಕರೆತರುವ ಅಭ್ಯಾಸ, ಇವೆಲ್ಲ ಒಳಾಂಗಣವೇ. ಅದಕ್ಕಿಂತ ಕೆಟ್ಟದ್ದು ಗುಡುಗು. ಬೇಸಿಗೆಯ ಗುಡುಗು ಕೇಳಿಸಿದೊಡನೆ ಕೊಳವನ್ನೂ ಕಟ್ಟೆಯನ್ನೂ ಖಾಲಿ ಮಾಡಿಸಿ, ಕೊನೆಯ ಗುಡುಗಿನಿಂದ ಅರ್ಧ ತಾಸು ಕಾಯಬೇಕು. ಹಾಗಾದಾಗ ನೂರಾರು ಜನ ಸಹಜವಾಗಿ ನುಗ್ಗುವುದು ಹತ್ತಿರದ ಸೂರಿನ ಕೆಳಗೆ. ಇಡೀ ಬೆಳಗು ಕಾಪಾಡಿಕೊಂಡ ಅಂತರ ಆ ಅರ್ಧ ತಾಸಿನಲ್ಲಿ ನೀರುಪಾಲಾಗುತ್ತದೆ. ಗುಡುಗಿದರೆ ಪ್ರತಿ ಕುಟುಂಬವೂ ತನ್ನ ತನ್ನ ಕಾರಿಗೆ ಹೋಗಬೇಕು ಎಂಬ ಒಂದು ಸಾಲನ್ನು ಮುಂಚೆಯೇ ಬರೆದಿಟ್ಟ ಯೋಜನೆಯನ್ನು ನೋಡಿದರೆ, ಅದನ್ನು ಬರೆದವರು ಕಟ್ಟೆಯ ಮೇಲೆ ನಿಂತು ಯೋಚಿಸಿದವರೆಂದು ನಾನು ನಂಬುತ್ತೇನೆ. ಕುರ್ಚಿಗಳನ್ನು ಸೋಂಕುನಿವಾರಕದಿಂದ ಒರೆಸುವುದರ ಬಗ್ಗೆಯೇ ಎರಡು ಪುಟ ಬರೆದ ಯೋಜನೆಗಳ ಬಗ್ಗೆ ಹಾಗೆ ಹೇಳಲಾರೆ.

ಮಾಸ್ಕ್ ವಿಚಾರ ಈಜಿಗೆ ಮಾತ್ರವೇ ಸೇರಿದ ತೊಡಕು. ಒದ್ದೆಯಾದ ಮಾಸ್ಕಿನಲ್ಲಿ ಉಸಿರಾಡುವುದು ಕಷ್ಟವಾದ್ದರಿಂದ ನೀರಿನಲ್ಲಿ ಅದನ್ನು ಧರಿಸಬಾರದೆಂಬುದೇ ಆರೋಗ್ಯ ಇಲಾಖೆಯ ಸಲಹೆಯಾಗಿತ್ತು. ಅಂದರೆ ಗೋಡೆ ಮುಟ್ಟಿ ಏದುಸಿರು ಬಿಡುತ್ತಿರುವ, ಉಸಿರು ಎಲ್ಲಕ್ಕಿಂತ ಹೆಚ್ಚು ಹೊರಬೀಳುವ ಗಳಿಗೆಯಲ್ಲೇ ಆ ತಡೆ ಇರುವುದಿಲ್ಲ. ಸ್ಪರ್ಧೆಯಲ್ಲಿ ಇದು ಅಷ್ಟೇನೂ ದೊಡ್ಡ ಸಮಸ್ಯೆಯಾಗದು, ಏಕೆಂದರೆ ಲೇನಿಗೊಬ್ಬರೇ ಇರುತ್ತಾರೆ, ಲೇನಿನ ಅಗಲವೇ ಆರು ಅಡಿಯ ಆಚೀಚೆ ಇರುತ್ತದೆ, ಮುಗಿಸಿದವರು ಕ್ಷಣಾರ್ಧದಲ್ಲಿ ಹೊರಬರುತ್ತಾರೆ. ತೊಂದರೆ ಇದ್ದದ್ದು ಅಭ್ಯಾಸದಲ್ಲಿ, ಒಂದೇ ಲೇನಿನ ಐದಾರು ಮಕ್ಕಳು ತರಬೇತುದಾರರ ಮಾತು ಕೇಳಲು ಗೋಡೆಗೆ ಜೋತುಬಿದ್ದು ಕಾಯುವ ಕ್ರಮದಲ್ಲಿ. ಅದಕ್ಕೆ ಪರಿಹಾರವೂ ಸಿಕ್ಕಿತು: ಒಂದು ಲೇನಿನವರು ಈ ತುದಿಯಿಂದ, ಪಕ್ಕದ ಲೇನಿನವರು ಆ ತುದಿಯಿಂದ ಆರಂಭಿಸುವುದು, ಒಂದೇ ಲೇನಿನಲ್ಲಿ ಇಬ್ಬರಿದ್ದರೆ ಒಬ್ಬರು ಗೋಡೆಯ ಬಳಿ, ಇನ್ನೊಬ್ಬರು ನಡುಕೊಳದಲ್ಲಿ ನಿಲ್ಲುವುದು. ಹೀಗಾಗಿ 2020ರಲ್ಲಿ ಅಭ್ಯಾಸ ನಡೆಸಿಯೂ ಸ್ಪರ್ಧೆ ನಡೆಸದ ಕೊಳಗಳ ನಿಲುವಿನಲ್ಲಿ ಅಸಂಗತವಾದದ್ದೇನೂ ಇರಲಿಲ್ಲ. ಅಭ್ಯಾಸವನ್ನು ಮುಕ್ಕಾಲು ತಾಸಿನ ಸಣ್ಣ ತಂಡಗಳಾಗಿ ಒಡೆಯಬಹುದು, ಮಗುವನ್ನು ಬಿಟ್ಟು ಪೋಷಕರು ಹೊರಗೇ ನಿಲ್ಲಬಹುದು. ಸ್ಪರ್ಧೆಯನ್ನು ಹಾಗೆ ಒಡೆಯಲು ಬಾರದು, ಪೋಷಕರಿಲ್ಲದೆ ಸಮಯ ಹಿಡಿಯುವವರೇ ಇರುವುದಿಲ್ಲ.

ಇಷ್ಟನ್ನೂ ತಿಳಿದ ಮೇಲೆ ತೀರ್ಮಾನ ಯಾರದ್ದು? ಮೇಲೆ ರಾಜ್ಯಪಾಲರ ಆದೇಶ, ಅದರ ಕೆಳಗೆ ಕೌಂಟಿಯ, ಅಂದರೆ ಜಿಲ್ಲೆಯಂಥ ಆಡಳಿತ ವಿಭಾಗದ, ಆರೋಗ್ಯಾಧಿಕಾರಿಗಳು, ಅವರ ಕೆಳಗೆ ಕೊಳದ ಒಡೆತನವಿರುವ ಸಂಘ, ಅದರ ಪಕ್ಕದಲ್ಲಿ ಲೀಗ್, ಇವರೆಲ್ಲರ ಬೆನ್ನ ಹಿಂದೆ ವಿಮೆ. ಇವರಲ್ಲಿ ಯಾರೊಬ್ಬರು ಬೇಡವೆಂದರೂ ಸಾಕು, ಸ್ಪರ್ಧೆ ನಿಲ್ಲುತ್ತದೆ. ನಡೆಯಬೇಕಾದರೆ ಎಲ್ಲರೂ ಒಪ್ಪಬೇಕು. ವರ್ಜೀನಿಯಾದಲ್ಲಿ ನಿರ್ಬಂಧ ಸಡಿಲಿಕೆಯ ಮೊದಲ ಹಂತ 2020ರ ಮೇ 15ಕ್ಕೆ ಆರಂಭವಾದರೂ ರಾಜಧಾನಿ ವಾಷಿಂಗ್ಟನ್‌ಗೆ ಹತ್ತಿರದ ಉತ್ತರ ಭಾಗಕ್ಕೆ ಅದು ಬಂದದ್ದು ಮೇ 29ರಂದು. ಆ ಹಂತದಲ್ಲಿ ಬಯಲು ಕೊಳಗಳಲ್ಲಿ ಲೇನಿಗೊಬ್ಬರಂತೆ ಈಜಲು ಮಾತ್ರ ಅನುಮತಿಯಿತ್ತು. ಎರಡನೆಯ ಹಂತ ಉತ್ತರ ಭಾಗದಲ್ಲಿ ಜೂನ್ 12ಕ್ಕೆ, ಮೂರನೆಯದು ಜುಲೈ 1ಕ್ಕೆ ಬಂತು. ಈ ದಿನಾಂಕಗಳನ್ನು ಲೀಗಿನ ಪಂಚಾಂಗದ ಪಕ್ಕದಲ್ಲಿಟ್ಟರೆ ಕಷ್ಟ ಕಣ್ಣಿಗೆ ಕಟ್ಟುತ್ತದೆ. ಸಾಮಾನ್ಯ ವರ್ಷದಲ್ಲಿ ಮೇ ಕೊನೆಯ ವಾರ ಅಭ್ಯಾಸ ಶುರುವಾಗಿ, ಜೂನ್‌ನ ದ್ವಿತೀಯಾರ್ಧದಲ್ಲಿ ಸ್ಪರ್ಧೆಗಳು ಆರಂಭವಾಗಿ, ಐದಾರು ವಾರಗಳಲ್ಲಿ ಎಲ್ಲ ಮುಗಿಯುತ್ತದೆ. ಇಷ್ಟು ಚಿಕ್ಕ ಋತುವಿಗೆ ಕಾದು ನೋಡೋಣ ಎಂಬ ಆಯ್ಕೆ ಹೆಸರಿಗೆ ಮಾತ್ರ ಇರುತ್ತದೆ. ಮೂರು ವಾರ ಕಾದರೆ ಅರ್ಧ ಋತು ತಾನಾಗಿಯೇ ರದ್ದಾದಂತೆ. ಉತ್ತರ ವರ್ಜೀನಿಯಾ ಮತ್ತು ಮಾಂಟ್ಗೊಮರಿ ಕೌಂಟಿಯ ಎರಡೂ ಲೀಗ್‌ಗಳು 2020ರ ಋತುವನ್ನು ಕೈಬಿಟ್ಟವು.

ಕಾಯುವುದಕ್ಕೆ ಇನ್ನೊಂದು ಅಡ್ಡಿ, ಕೊಳ ಕಾಯುವ ಲೈಫ್‌ಗಾರ್ಡ್‌ಗಳದ್ದು. ಈ ಕೊಳಗಳನ್ನು ನಿರ್ವಹಿಸುವ ಎಷ್ಟೋ ಸಂಸ್ಥೆಗಳು ಬೇಸಿಗೆಗಾಗಿ ಜೆ-1 ವೀಸಾದ ಮೇಲೆ ಹೊರದೇಶಗಳಿಂದ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುತ್ತಿದ್ದವು. ಜೂನ್ 22ರ ಅಧ್ಯಕ್ಷೀಯ ಘೋಷಣೆಯು ಬೇಸಿಗೆ ಕೆಲಸದ ಆ ವರ್ಗಕ್ಕೂ ಹೊಸ ವೀಸಾ ನಿಲ್ಲಿಸಿತು. ಕೊಳ ತೆರೆಯುವ ಅನುಮತಿ ಸಿಕ್ಕರೂ ಕಾಯುವವರಿಲ್ಲದಿದ್ದರೆ ತೆರೆಯುವಂತಿಲ್ಲ.

ಲೀಗಿಗೆ ಇನ್ನೂ ಒಂದು ವಿಶೇಷ ಸಂಕಟವಿತ್ತು. ಒಂದು ಕೊಳ ತನ್ನ ಸದಸ್ಯರಿಗೆ ಬಾಗಿಲು ತೆರೆಯುವುದು ಅದೊಂದರ ನಿರ್ಧಾರ. ಸ್ಪರ್ಧೆಗೆ ಇಬ್ಬರು ಬೇಕು, ಇಬ್ಬರ ಪರಿಸ್ಥಿತಿಯೂ ಹೊಂದಬೇಕು. ಈ ಗಂಟನ್ನು ಬಿಡಿಸಲು ಕೆಲವು ಕಡೆ ಹುಟ್ಟಿಕೊಂಡ ಉಪಾಯ ದೂರಸ್ಪರ್ಧೆ: ಎರಡೂ ತಂಡಗಳು ತಮ್ಮ ತಮ್ಮ ಕೊಳದಲ್ಲೇ ಈಜಿ, ದಾಖಲಾದ ಸಮಯಗಳನ್ನು ಒಂದೇ ಪಟ್ಟಿಗೆ ಸೇರಿಸಿ ಅಂಕ ಲೆಕ್ಕ ಹಾಕುವುದು. ಜನ ಅರ್ಧಕ್ಕಿಳಿಯುತ್ತಾರೆ, ಎರಡು ಬಡಾವಣೆಗಳ ಕುಟುಂಬಗಳು ಬೆರೆಯುವುದಿಲ್ಲ. ಆದರೆ ಒಂದು ಕೊಳ 25 ಗಜದ್ದು, ಇನ್ನೊಂದು 25 ಮೀಟರಿನದ್ದಾಗಿದ್ದರೆ? 25 ಗಜವೆಂದರೆ 22.86 ಮೀಟರ್, ಎರಡು ಮೀಟರಿಗೂ ಹೆಚ್ಚಿನ ಅಂತರವನ್ನು ಸೂತ್ರದಿಂದ ಸರಿದೂಗಿಸಬೇಕು, ಅಂಥ ಯಾವ ಸೂತ್ರವೂ ಎಲ್ಲ ವಯಸ್ಸಿಗೂ ಎಲ್ಲ ಶೈಲಿಗೂ ಸಮನಾಗಿ ಒಪ್ಪುವುದಿಲ್ಲ. ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನ ಸಮಯವು ಅದನ್ನು ಒತ್ತುವವರ ಬೆರಳಿನಷ್ಟೇ ನಿಖರ. ಎರಡು ತಂಡಗಳ ಪೋಷಕರು ಒಂದೇ ಲೇನಿನಲ್ಲಿ ನಿಲ್ಲುತ್ತಿದ್ದುದರಿಂದ ಒದಗುತ್ತಿದ್ದ ಪರಸ್ಪರ ಕಾವಲೂ ಇಲ್ಲಿ ತಪ್ಪುತ್ತದೆ. ಇವೆಲ್ಲ ಇದ್ದರೂ ದೂರಸ್ಪರ್ಧೆ ಆ ಕಾಲದ ಅತ್ಯಂತ ಪ್ರಾಮಾಣಿಕ ಅರೆಪರಿಹಾರವೆಂದೇ ನನ್ನ ಎಣಿಕೆ. ಅಂಕಪಟ್ಟಿ ಸ್ವಲ್ಪ ಸಡಿಲವಾದರೆ ಯಾರಿಗೂ ನಷ್ಟವಿಲ್ಲ. ಪಕ್ಕದ ಲೇನಿನಲ್ಲಿ ಎದುರಾಳಿಯಿಲ್ಲದೆ ಒಂಬತ್ತು ವರ್ಷದ ಮಗು ತನ್ನ ವೇಗವನ್ನು ಹೇಗೆ ಕಂಡುಕೊಳ್ಳಬೇಕು ಎಂಬುದು ಬೇರೆ ಮಾತು.

ರದ್ದು ಮಾಡುವುದು ಬೆಲೆಯಿಲ್ಲದ ಸುರಕ್ಷಿತ ದಾರಿಯೆಂದು ಭಾವಿಸುವುದೂ ಸರಿಯಲ್ಲ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಿನಲ್ಲಿ ಮುಳುಗುವುದು. ಬೇಸಿಗೆ ತಂಡಗಳು ಎಷ್ಟೋ ಮಕ್ಕಳಿಗೆ ಈಜು ಗಟ್ಟಿಯಾಗುವ ಜಾಗಗಳು. ಕೊಳದ ಒಂದು ಉದ್ದವನ್ನು ಅರ್ಧಂಬರ್ಧ ದಾಟುತ್ತಿದ್ದ ಆರು ವರ್ಷದ ಮಗು ಒಂದು ಬೇಸಿಗೆಯನ್ನು ಕಳೆದುಕೊಂಡರೆ, ಕಲಿತದ್ದು ಬಹಳಷ್ಟು ಜಾರಿಹೋಗುತ್ತದೆ. ವಯೋಗುಂಪಿನ ಲೆಕ್ಕವೂ ನಿಷ್ಠುರವಾದದ್ದು. ಉತ್ತರ ವರ್ಜೀನಿಯಾದಂಥ ಲೀಗ್‌ಗಳಲ್ಲಿ ಜೂನ್ 1ರಂದು ಇರುವ ವಯಸ್ಸೇ ಆ ಋತುವಿನ ವಯಸ್ಸು. 2019ರಲ್ಲಿ ಒಂಬತ್ತು ವರ್ಷವಾಗಿದ್ದು, ತನ್ನ ಗುಂಪಿನ ಕಿರಿಯಳಾಗಿ ಈಜಿದ ಹುಡುಗಿ, ಗುಂಪಿನ ಹಿರಿಯಳಾಗಿ ಗೆಲ್ಲಬೇಕಾಗಿದ್ದ ಹತ್ತನೆಯ ವರ್ಷವನ್ನು ಕೊಳವೇ ಕಾಣದೆ ಕಳೆದು, ಹಿಂದಿರುಗಿದಾಗ ಹನ್ನೊಂದು–ಹನ್ನೆರಡರ ಗುಂಪಿನಲ್ಲಿ ಮತ್ತೆ ಕಿರಿಯಳಾಗಿದ್ದಳು. 2020ರಲ್ಲಿ ಹದಿನೆಂಟಾದವರಿಗಂತೂ ಹಿಂದಿರುಗಲು ಗುಂಪೇ ಉಳಿದಿರಲಿಲ್ಲ.

2021ರ ಬೇಸಿಗೆಗೆ ಚಿತ್ರ ಬದಲಾಗಿತ್ತು. ಅಪಾಯ ಎಲ್ಲಿದೆ ಎಂಬುದು ಈಗ ಹೆಚ್ಚು ಸ್ಪಷ್ಟವಾಗಿತ್ತು; ಆರು ಅಡಿಯೊಳಗೆ ಹದಿನೈದು ನಿಮಿಷ ಎಂಬ ನಿಕಟ ಸಂಪರ್ಕದ ವ್ಯಾಖ್ಯೆಯನ್ನು ಸಿಡಿಸಿ 2020ರ ಅಕ್ಟೋಬರ್‌ನಲ್ಲೇ ತಿದ್ದಿ, ಒಂದು ದಿನದಲ್ಲಿ ಬಿಡಿಬಿಡಿಯಾಗಿ ಕಳೆದ ನಿಮಿಷಗಳನ್ನೂ ಒಟ್ಟುಗೂಡಿಸಬೇಕೆಂದಿತ್ತು. ಬೆಂಚಿನ ಮೇಲೆ ನಾಲ್ಕು ನಿಮಿಷ, ರಿಲೇಗೆ ಮುನ್ನ ಐದು ನಿಮಿಷ, ಡೇರೆಯ ಕೆಳಗೆ ಆರು ನಿಮಿಷ ಎಂದು ಚೂರುಚೂರಾಗಿ ಬೆರೆಯುವ ಈಜು ಸ್ಪರ್ಧೆಯ ಮಟ್ಟಿಗೆ ಈ ತಿದ್ದುಪಡಿ ಅರ್ಥಪೂರ್ಣವಾಗಿತ್ತು. ಸ್ಪರ್ಧೆ ನಡೆಸುವವರ ಮುಂದಿದ್ದ ಸಾಧನಗಳೂ ಅದಕ್ಕೆ ತಕ್ಕವೇ: ಕಾಯುವ ಬೆಂಚುಗಳನ್ನು ತೆಗೆಯುವುದು, ಎರಡು ತಂಡಗಳಿಗೆ ಕೊಳದ ಎರಡು ಬದಿಗಳನ್ನು ಹಂಚುವುದು, ಲೇನಿನ ತುದಿಯಲ್ಲಿ ಗಡಿಯಾರ ಹಿಡಿಯುವವರನ್ನು ಕಡಿಮೆ ಮಾಡುವುದು, ಚಿಕ್ಕವರ ಸ್ಪರ್ಧೆಗಳನ್ನೆಲ್ಲ ಮೊದಲೇ ಮುಗಿಸಿ ಅವರನ್ನು ಮನೆಗೆ ಕಳುಹಿಸುವುದು.

ದೊಡ್ಡ ಬದಲಾವಣೆ ಲಸಿಕೆಯದ್ದು. ಫೈಜರ್ ಲಸಿಕೆಯನ್ನು ಹನ್ನೆರಡರಿಂದ ಹದಿನೈದು ವರ್ಷದವರಿಗೂ ನೀಡಲು ತುರ್ತು ಅನುಮತಿ ದೊರೆತದ್ದು 2021ರ ಮೇ 10ರಂದು. ಎರಡು ಡೋಸ್‌ಗಳ ನಡುವೆ ಮೂರು ವಾರ, ಆಮೇಲೆ ಎರಡು ವಾರ ಎಂದರೆ, ಮೊದಲ ವಾರವೇ ಲಸಿಕೆ ಪಡೆದ ಮಕ್ಕಳು ಜೂನ್ ನಡುವಿನ ಹೊತ್ತಿಗೆ, ಋತುವಿನ ಮೊದಲ ಸ್ಪರ್ಧೆಗೆ ಸರಿಯಾಗಿ ಸಿದ್ಧರಾಗುತ್ತಿದ್ದರು. ಆದರೆ ಹನ್ನೆರಡು ಎಂಬ ಗೆರೆ ಬಿದ್ದದ್ದು ಹನ್ನೊಂದು–ಹನ್ನೆರಡರ ವಯೋಗುಂಪಿನ ನಟ್ಟನಡುವೆ. ಒಂದೇ ರಿಲೇ ತಂಡದ ನಾಲ್ವರಲ್ಲಿ ಇಬ್ಬರಿಗೆ ಲಸಿಕೆಯಾಗಿದೆ, ಇಬ್ಬರಿಗೆ ಪಡೆಯುವ ಅರ್ಹತೆಯೇ ಇಲ್ಲ; ಮೇ 13ರಂದು ಪ್ರಕಟವಾದ ಹೊಸ ಸಲಹೆಯ ಪ್ರಕಾರ ಲಸಿಕೆ ಪೂರ್ಣಗೊಂಡವರಿಗೆ ಮಾಸ್ಕ್ ಬೇಕಿಲ್ಲ, ಉಳಿದವರಿಗೆ ಬೇಕು. ಕಟ್ಟೆಯ ಮೇಲೆ ನಿಂತ ಸ್ವಯಂಸೇವಕಿಯೊಬ್ಬಳು ಮಕ್ಕಳನ್ನು ಹೀಗೆ ವಿಂಗಡಿಸಿ ನೋಡುವುದು ಸಾಧ್ಯವೂ ಅಲ್ಲ, ಸಲ್ಲದ್ದು ಕೂಡ. ಆದ್ದರಿಂದ ನಿಯಮವನ್ನು ಎಲ್ಲರಿಗೂ ಒಂದೇ ಆಗಿ ಇಡಬೇಕಾಗಿತ್ತು, ಅದರ ಮಟ್ಟವನ್ನು ಅತಿ ಚಿಕ್ಕವರಿಗೆ ಬೇಕಾದಷ್ಟಕ್ಕೆ ಹೊಂದಿಸಬೇಕಾಗಿತ್ತು. ಐದರಿಂದ ಹನ್ನೊಂದು ವರ್ಷದವರಿಗೆ ಲಸಿಕೆಯ ಅನುಮತಿ ಬಂದದ್ದು ಅಕ್ಟೋಬರ್ 29ರಂದು. ಅಷ್ಟು ಹೊತ್ತಿಗೆ ಬಯಲು ಕೊಳಗಳ ಮೇಲೆ ಚಳಿಗಾಲದ ಹೊದಿಕೆ ಬಿದ್ದಿತ್ತು.